ದಪ್ಪಕ್ಷರ ಹುಟ್ಟಿದ ಬಗೆ

1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪತ್ರಿಕೆ. ಕಲ್ಲಚ್ಚಿನಲ್ಲಿ ಬರೆಯುವವನ ಕೈಯೇ ಯಜಮಾನ. ಒಂದು ಹೆಸರು ಎದ್ದು ಕಾಣಬೇಕೆಂದರೆ ಜಿಡ್ಡಿನ ಮಸಿಯಲ್ಲಿ ಗೆರೆಯನ್ನು ತುಸು ದಪ್ಪಗೆ ಎಳೆದರಾಯಿತು. ಸೀಸದ ಮೊಳೆಗೆ ಆ ಸ್ವಾತಂತ್ರ್ಯವಿಲ್ಲ. ಎರಕ ಹೊಯ್ದಾಗ ಬಂದ ದಪ್ಪವೇ ಕೊನೆಯವರೆಗೂ.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಸೀಸದವರು ಇದಕ್ಕೊಂದು ದಾರಿ ಹುಡುಕುತ್ತಿದ್ದರು. ಭಿತ್ತಿಪತ್ರಗಳಿಗೆಂದು ಹೊಟ್ಟೆ ಉಬ್ಬಿದ ಅಕ್ಷರಗಳು ಆಗಲೇ ಬಂದಿದ್ದವು. ಆದರೆ ಅವನ್ನು ಪುಸ್ತಕದ ಸಾಲಿನೊಳಗೆ ಕೂರಿಸಿದರೆ ಪಕ್ಕದ ಪದಗಳೆಲ್ಲ ಸೊರಗುತ್ತಿದ್ದವು. 1845ರಲ್ಲಿ ಫ್ಯಾನ್ ಸ್ಟ್ರೀಟ್ ಎರಕಶಾಲೆಯ ರಾಬರ್ಟ್ ಬೆಸ್ಲಿ ‘ಕ್ಲಾರೆಂಡನ್’ ಎಂಬ ಅಕ್ಷರಮಾಲೆ ತಂದರು. ಅದರ ಅಚ್ಚು ಕೊರೆದವರು ಬೆಂಜಮಿನ್ ಫಾಕ್ಸ್. ಗೆರೆಯ ತುದಿಯಲ್ಲಿ ಗಟ್ಟಿ ಪಾದ, ಪಾದ ಗೆರೆಗೆ ಸೇರುವಲ್ಲಿ ಮೆದು ಬಾಗು, ತೆಳುವಿಗೂ ದಪ್ಪಕ್ಕೂ ಅಂತರ ಕಡಿಮೆ. ಮಾಮೂಲಿ ಅಕ್ಷರದ ಜೊತೆಗೆ ಒಂದೇ ಸಾಲಿನಲ್ಲಿ ನಿಂತು, ನಿಘಂಟಿನ ಪದವನ್ನು ಅದರ ಅರ್ಥದಿಂದ ಬೇರೆ ಮಾಡಿ ತೋರಿಸುವ ಶಕ್ತಿ ಅದಕ್ಕಿತ್ತು. ಬೆಸ್ಲಿ ಆ ವಿನ್ಯಾಸವನ್ನು ಕಾನೂನಿನಡಿ ನೋಂದಾಯಿಸಿದರು. ಸಿಕ್ಕ ರಕ್ಷಣೆ ಮೂರೇ ವರ್ಷದ್ದು. ಅದು ಮುಗಿಯುತ್ತಲೇ ಉಳಿದ ಎರಕಶಾಲೆಗಳು ನಕಲಿಗಿಳಿದವು. ದಪ್ಪ ಮಾಡುವುದು ಎಲ್ಲರಿಗೂ ಗೊತ್ತಿತ್ತು. ಬೆಸ್ಲಿ ಮತ್ತು ಫಾಕ್ಸ್ ಕಂಡುಕೊಂಡದ್ದು ದಪ್ಪದ ಹದವನ್ನು.

ಕನ್ನಡದಲ್ಲಿ ಆ ಹದ ಇನ್ನೂ ಕಷ್ಟದ್ದು. ತುಕ್ಕಾನಟ್ಟಿ ಎಂಬ ಊರಿನ ಹೆಸರನ್ನೇ ದಪ್ಪಕ್ಷರದಲ್ಲಿ ಬರೆದು ನೋಡಿ. ಒಂದೇ ಹೆಸರಿನಲ್ಲಿ ಎರಡು ಒತ್ತು. ಒತ್ತಕ್ಷರ ಮೊದಲೇ ಚಿಕ್ಕದು. ಮೇಲಿನ ಅಕ್ಷರದಷ್ಟೇ ದಪ್ಪವನ್ನು ಅದಕ್ಕೂ ಕೊಟ್ಟರೆ ಒಳಗಿನ ಬಯಲು ಮುಚ್ಚಿ ಬರೀ ಮಸಿ ಉಳಿಯುತ್ತದೆ. ‘ಣ’, ‘ಝ’ಗಳದ್ದೂ ಇದೇ ಪಾಡು. ಹಾಗಾಗಿ ಪ್ರತಿ ಅಕ್ಷರಕ್ಕೂ, ಪ್ರತಿ ಒತ್ತಿಗೂ ಬೇರೆ ಬೇರೆ ಅಳತೆ ಬೇಕು. ಖರ್ಚೂ ಸಣ್ಣದಲ್ಲ. ಇಂಗ್ಲಿಷಿಗೆ ನೂರರ ಆಸುಪಾಸು ಮೊಳೆ ಸಾಕಾದರೆ, ಗುಣಿತ ಮತ್ತು ಒತ್ತುಗಳಿರುವ ಕನ್ನಡಕ್ಕೆ ನೂರಾರು ಬೇಕು. ದಪ್ಪಕ್ಷರವೆಂದರೆ ಅಷ್ಟನ್ನೂ ಮತ್ತೊಮ್ಮೆ ಕೊರೆದು ಎರಕ ಹೊಯ್ಯುವುದು.

ಈಗ ಸೀಸದ ಹಂಗಿಲ್ಲ. ‘ನೋಟೊ ಸೆರಿಫ್ ಕನ್ನಡ’ ಎಂಬ ಫಾಂಟ್ ಉಚಿತವಾಗಿ ಸಿಗುತ್ತದೆ. ಅತಿ ತೆಳುವಿನಿಂದ ಅತಿ ದಪ್ಪದವರೆಗೆ ಅದರಲ್ಲಿ ಒಂಬತ್ತು ಮಟ್ಟಗಳಿವೆ. ದಪ್ಪ ಏರಿದಂತೆ ಒಳಬಯಲು ಕಾಯುವ ಕೆಲಸವನ್ನು ವಿನ್ಯಾಸಕಾರರೇ ಮಾಡಿಟ್ಟಿದ್ದಾರೆ.

ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಜಾತ್ರೆಯ ಭಿತ್ತಿಪತ್ರ, ಲಗ್ನಪತ್ರಿಕೆ ಅಚ್ಚು ಮಾಡುವವರಲ್ಲಿ ನನ್ನದೊಂದು ವಿನಂತಿ. ದಪ್ಪಕ್ಷರ ಇಲ್ಲದ ಫಾಂಟಿಗೆ ‘ಬೋಲ್ಡ್’ ಗುಂಡಿ ಒತ್ತಿದರೆ ಕಂಪ್ಯೂಟರ್ ಗೆರೆಯ ಅಂಚನ್ನು ಉಬ್ಬಿಸುತ್ತದೆ ಅಷ್ಟೇ, ಒತ್ತುಗಳು ಮುಚ್ಚಿಹೋಗುತ್ತವೆ. ದಪ್ಪವನ್ನು ಬೇರೆಯಾಗಿ ಬರೆದಿಟ್ಟ ಫಾಂಟನ್ನೇ ಆರಿಸಿಕೊಳ್ಳಿ.