ಡೋರ್ ಮುಚ್ಚಿದೆ, ಆದ್ರೆ ಕಚ್ಚಿದೆಯಾ?

ಕರ್... ಕರ್... ಟಕ್! ಅಮೆರಿಕದಲ್ಲಿ ಹಳೇ ಮಿನಿವ್ಯಾನ್ ಇಟ್ಟುಕೊಂಡಿರೋರಿಗೆ ಈ ಸದ್ದು ಗೊತ್ತು. ಬಟನ್ ಒತ್ತಿದ್ರೆ ಪಕ್ಕಕ್ಕೆ ಜಾರೋ ಪವರ್ ಡೋರ್ ಅರ್ಧದವರೆಗೆ ಬಂದು, ಮುನಿಸಿಕೊಂಡು ವಾಪಸ್ ಹೋಗುತ್ತೆ.

ಒಳಗಿರೋದು ಒಂದು ಮೋಟಾರ್, ಒಂದು ತೆಳ್ಳನೆ ಸ್ಟೀಲ್ ಕೇಬಲ್. ಬಾವಿ ಹಗ್ಗ ರಾಟೆ ಮೇಲೆ ಓಡೋ ಹಾಗೆ ಓಡಿ, ಡೋರನ್ನ ಎಳೆಯುತ್ತೆ. ವರ್ಷಗಟ್ಟಲೆ ಎಳೆದೂ ಎಳೆದೂ ಹೊದಿಕೆ ಸವೆದು, ಒಂದೊಂದೇ ಎಳೆ ಬಿಚ್ಚಿ, ರಾಟೆಗೆ ಸಿಕ್ಕಿಕೊಳ್ಳುತ್ತೆ. ಹಳಿಯೊಳಗೆ ಬಿಸ್ಕತ್ ಚೂರು, ಚಳಿಗಾಲದಲ್ಲಿ ರಸ್ತೆಗೆ ಸುರಿಯೋ ಉಪ್ಪು ಬೇರೆ. ಊರಿಂದ ಬಂದ ಅಜ್ಜ ಮೆಟಡೋರ್ ಬಾಗಿಲು ಅಂದ್ಕೊಂಡು ಜಗ್ಗಿದ್ರಂತೂ ಮುಗೀತು!

ಡೋರ್ ತೆರೆಯದಿದ್ರೆ ಬರೀ ಕಿರಿಕಿರಿ. ಓಡ್ತಾ ಇರುವಾಗ ತೆರೆದುಕೊಂಡ್ರೆ? 2016ರ ನವೆಂಬರ್‌ನಲ್ಲಿ ಟೊಯೋಟಾ ಅಮೆರಿಕದಲ್ಲಿ 2011ರಿಂದ 2016ರ ಮಾಡೆಲ್‌ನ ಸುಮಾರು 7,44,000 ಸಿಯೆನ್ನಾ ಮಿನಿವ್ಯಾನ್‌ಗಳನ್ನ ರೀಕಾಲ್ ಮಾಡಿದ್ದು, ಅಂದ್ರೆ ರಿಪೇರಿಗೆ ವಾಪಸ್ ಕರೆದದ್ದು, ಈ ಭಯಕ್ಕೇ. ಹಿಮ ಕಟ್ಟಿಯೋ ಮತ್ತೊಂದಕ್ಕೋ ಡೋರ್ ಬಿಗಿದಾಗ ಮೋಟಾರ್‌ಗೆ ಕರೆಂಟ್ ಜಾಸ್ತಿ ಹರಿದು ಫ್ಯೂಸ್ ಹೋಗುತ್ತೆ. ಆ ಹೊತ್ತಿಗೆ ಡೋರನ್ನ ಕಚ್ಚಿ ಹಿಡಿಯೋ ಲ್ಯಾಚ್ ಬಿಚ್ಚಿಕೊಂಡಿದ್ರೆ, ಅದು ಹಾಗೇ ಉಳಿದು, ಓಡುವಾಗ ಡೋರ್ ತೆರೆದುಕೊಳ್ಳಬಹುದು. ಚೈಲ್ಡ್ ಲಾಕ್ ಇದೆಯಲ್ಲ ಅಂತೀರಾ? ಅದು ತಡೆಯೋದು ಒಳಗಿನ ಹಿಡಿಯನ್ನ ಮಾತ್ರ.

ಡೋರ್ ತಕರಾರು ಶುರು ಮಾಡಿದ್ರೆ ಡ್ರೈವರ್ ಹತ್ತಿರದ ಪವರ್ ಡೋರ್ ಸ್ವಿಚ್ ಆಫ್ ಮಾಡಿ, ಕೈಯಲ್ಲೇ ಮುಚ್ಚಿ. ಡ್ಯಾಶ್‌ನಲ್ಲಿ ಡೋರ್ ಲೈಟ್ ಆರಿದ ಮೇಲಷ್ಟೇ ಹೊರಡಿ. ಸೆಕೆಂಡ್ ಹ್ಯಾಂಡ್ ವ್ಯಾನಾ? ಗಾಡಿಯ ಗುರುತಿನ ಸಂಖ್ಯೆಯಾದ, ಅಕ್ಷರ-ಅಂಕಿ ಸೇರಿ 17 ಇರೋ ವಿನ್ ನಂಬರನ್ನ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಸೈಟ್‌ನಲ್ಲಿ ಹಾಕಿ. ರೀಕಾಲ್ ಬಾಕಿ ಇದ್ರೆ ರಿಪೇರಿ ಸಾಮಾನ್ಯವಾಗಿ ಪುಕ್ಕಟೆ. ಸವೆದ ಕೇಬಲ್ಲಿನ ಬಿಲ್ಲು ಮಾತ್ರ ಹೆಚ್ಚಾಗಿ ನಿಮ್ಮ ಜೇಬಿಗೇ.