ಗಣಕಯಂತ್ರದ ಜಾಲದ್ವಾರಗಳು: ಪರೀಕ್ಷೆಯೂ ರಕ್ಷಣೆಯೂ

ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟಿನಿಂದ ತಡೆಯಲ್ಪಟ್ಟ ಘಟಪ್ರಭೆಯು ಮುಂದೆ ಗೋಕಾಕದ ಕಡೆಗೆ ಹರಿಯುವುದು. ಧೂಪದಾಳದಲ್ಲಿ ಅದರಿಂದ ಹೊರಟ ಎಡದಂಡೆಯ ಕಾಲುವೆಯು ಮೂಡಲಗಿಯ ಹೊಲಗಳಿಗೆ ನೀರುಣಿಸುವುದು. ಕಾಲುವೆಯ ಯಾವ ತೂಬು ಯಾವ ಹೊಲಕ್ಕೆ ಸೇರಿದ್ದು, ಅದು ಈಗ ತೆರೆದಿರಬೇಕೇ ಎಂಬುದನ್ನು ಅರಿತವನೇ ನೀರನ್ನು ಕಾಯಬಲ್ಲನು. ಗಣಕಯಂತ್ರದ ಜಾಲಸಂಪರ್ಕಕ್ಕೂ ಇಂತಹ ತೂಬುಗಳುಂಟು. ಅವಕ್ಕೆ ಪೋರ್ಟ್ ಎಂದು ಹೆಸರು. ಇಲ್ಲಿ ದ್ವಾರವೆಂದು ಕರೆಯಬಹುದು.

ದ್ವಾರವೆಂಬುದು ಕಣ್ಣಿಗೆ ಕಾಣುವ ರಂಧ್ರವಲ್ಲ, ಕೇವಲ ಒಂದು ಸಂಖ್ಯೆ. ಜಾಲವಿಳಾಸವು ಮನೆಯನ್ನು ತೋರಿಸಿದರೆ ದ್ವಾರಸಂಖ್ಯೆಯು ಒಳಗಿನ ಕೋಣೆಯನ್ನು ತೋರಿಸುವುದು. ಈ ಸಂಖ್ಯೆಗೆ 16 ಬಿಟ್ಟುಗಳ ಅವಕಾಶವಿರುವುದರಿಂದ ಅದು 0ಯಿಂದ 65,535ರವರೆಗೆ ಇರಬಲ್ಲುದು. ಸುರಕ್ಷಿತ ಜಾಲಪುಟಕ್ಕೆ 443, ವಿಂಡೋಸ್ ಯಂತ್ರಗಳ ಕಡತ ವಿನಿಮಯಕ್ಕೆ 445, ದೂರದಿಂದ ಯಂತ್ರವನ್ನು ನಡೆಸುವುದಕ್ಕೆ 3389 ರೂಢಿಯಲ್ಲಿವೆ. ಸಂಖ್ಯೆಯಲ್ಲಿ ದೋಷವಿಲ್ಲ, ಅದರ ಹಿಂದೆ ಕರೆಗಾಗಿ ಕಾದಿರುವ ತಂತ್ರಾಂಶದಲ್ಲಿ ದೋಷವಿರಬಹುದು.

2017ರ ಮೇ 12ರಂದು ಹಬ್ಬತೊಡಗಿದ ವಾನಾಕ್ರೈ ಎಂಬ ದುಷ್ಟತಂತ್ರಾಂಶವು 445ನೆಯ ದ್ವಾರದಿಂದಲೇ ಯಂತ್ರದಿಂದ ಯಂತ್ರಕ್ಕೆ ದಾಟಿ, ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡುಗಡೆಗೆ ಹಣ ಕೇಳಿತು. ಪಶ್ಚಿಮ ಬಂಗಾಳದ ಕೆಲವು ವಿದ್ಯುತ್ ವಿತರಣಾ ಕಚೇರಿಗಳೂ ಅದಕ್ಕೆ ತುತ್ತಾದುವು. ಆ ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಮಾರ್ಚ್ 14ರಂದೇ ಪರಿಹಾರವನ್ನು ಪ್ರಕಟಿಸಿದ್ದಿತು. 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವನ್ನು ಕಟ್ಟಿಕೊಂಡ ಹುಕ್ಕೇರಿಯ ಜನರಿಗೆ ಈ ದೃಷ್ಟಾಂತವು ದೂರದ್ದಲ್ಲ. ಗ್ರಾಹಕರ ಬಿಲ್ಲು, ಪತ್ತಿನ ಸಂಘದ ಠೇವಣಿ, ಕಬ್ಬಿನ ತೂಕ ಇವುಗಳ ಲೆಕ್ಕವೆಲ್ಲ ಗಣಕಯಂತ್ರದಲ್ಲಿರುವಾಗ, ಅದು ಅಳಿದರೆ ಬಡವನ ಹಣಕ್ಕೆ ಸಾಕ್ಷಿಯೇ ಅಳಿದಂತೆ.

ಪರೀಕ್ಷೆಯು ಎರಡು ಬಗೆಯದು. ಮೊದಲನೆಯದು ಒಳಗಿನಿಂದ. ವಿಂಡೋಸಿನಲ್ಲಿ ನೆಟ್‌ಸ್ಟ್ಯಾಟ್, ಲಿನಕ್ಸಿನಲ್ಲಿ ಎಸ್‌ಎಸ್ ಎಂಬ ಆಜ್ಞೆಯು ಕಾದಿರುವ ದ್ವಾರಗಳ ಪಟ್ಟಿಯನ್ನು ಕೊಡುವುದು. ಸಂಖ್ಯೆಯ ಹಿಂದೆ 127.0.0.1 ಎಂದಿದ್ದರೆ ಆ ದ್ವಾರವು ಅದೇ ಯಂತ್ರದ ಕರೆಗೆ ಮಾತ್ರ ಓಗೊಡುವುದು, 0.0.0.0 ಎಂದಿದ್ದರೆ ಯಂತ್ರದ ಎಲ್ಲ ಜಾಲಮಾರ್ಗಗಳಿಂದ ಬರುವ ಕರೆಗೂ ಓಗೊಡುವುದು. ಎರಡನೆಯದು ಹೊರಗಿನಿಂದ. 1997ರಲ್ಲಿ ಹೊರಬಂದ ಎನ್‌ಮ್ಯಾಪ್ ಎಂಬ ಉಪಕರಣವನ್ನು ಬೇರೊಂದು ಯಂತ್ರದಿಂದ ಪ್ರಯೋಗಿಸಿದರೆ, ದ್ವಾರವು ತೆರೆದಿದೆಯೇ, ಮುಚ್ಚಿದೆಯೇ, ನಡುವೆ ಕಾವಲಿರುವುದರಿಂದ ಉತ್ತರವೇ ಬಾರದೇ ಎಂಬುದು ತಿಳಿಯುವುದು. ಅನ್ಯರ ಯಂತ್ರವನ್ನು ಅವರ ಅನುಮತಿಯಿಲ್ಲದೆ ಹೀಗೆ ಪರೀಕ್ಷಿಸಕೂಡದು.

ರಕ್ಷಣೆಯ ಕ್ರಮವು ಈ ಪಟ್ಟಿಯಿಂದಲೇ ಹೊರಡತಕ್ಕದ್ದು. ಬೇಡವಾದ ತಂತ್ರಾಂಶವನ್ನು ನಿಲ್ಲಿಸಿದರೆ ಅದರ ದ್ವಾರವು ತಾನಾಗಿ ಮುಚ್ಚುವುದು. ಬೇಕಾದುದನ್ನು ಫೈರ್‌ವಾಲೆಂಬ ಕಾವಲಿನಿಂದ ಗೊತ್ತಾದ ವಿಳಾಸಗಳಿಗೆ ಮಾತ್ರ ಬಿಡಬೇಕು. ರೂಟರಿನಲ್ಲಿ ಹಿಂದೆಂದೋ ಮಾಡಿಟ್ಟ ದಾರಿಗಳನ್ನೂ ನೋಡಬೇಕು. 3389ರ ಬದಲಿಗೆ ಬೇರೊಂದು ಸಂಖ್ಯೆಯನ್ನಿಡುವುದು ಬಾಗಿಲಿನ ಫಲಕವನ್ನು ಬದಲಿಸಿದಂತೆಯೇ ಹೊರತು ಬೀಗ ಹಾಕಿದಂತಲ್ಲ; ಎಲ್ಲ ಸಂಖ್ಯೆಗಳನ್ನೂ ತಟ್ಟಿನೋಡುವುದು ಯಂತ್ರಕ್ಕೆ ಅಲ್ಪಕಾಲದ ಕೆಲಸ. ತೆರೆದೇ ಇರಬೇಕಾದ ದ್ವಾರದ ತಂತ್ರಾಂಶಕ್ಕೆ ಹೊಸ ತಿದ್ದುಪಡಿಗಳನ್ನು ತಡವಿಲ್ಲದೆ ಹಾಕಬೇಕು. ಬಳಿಕ ಹೊರಗಿನಿಂದ ಮತ್ತೊಮ್ಮೆ ಪರೀಕ್ಷಿಸಿ, ದ್ವಾರದ ಸಂಖ್ಯೆ, ತಂತ್ರಾಂಶದ ಹೆಸರು, ಬಳಸುವವರು, ಪರೀಕ್ಷೆಯ ದಿನ ಇವಿಷ್ಟನ್ನು ಕಚೇರಿಯ ದಫ್ತರದಲ್ಲಿ ಬರೆದಿಡಬೇಕು. ಏತಕ್ಕೆ ತೆರೆದಿದೆಯೆಂದು ಯಾರೂ ಹೇಳಲಾರದ ದ್ವಾರವೇ ಮೊದಲು ಮುಚ್ಚಬೇಕಾದ ದ್ವಾರ.