ಹಡಗನ್ನೇ ಕಟ್ಟಿಹಾಕುವ ವಕೀಲರು

ಚಾಮರಾಜನಗರದಿಂದ ಹೊರಟು ದಿಂಬಂ ಘಾಟಿಯ ತಿರುವುಗಳನ್ನಿಳಿದು, ಸತ್ಯಮಂಗಲ, ಪುಳಿಯಂಪಟ್ಟಿ ದಾಟಿದರೆ ಅನ್ನೂರು. ಭೂಪಟ ನೋಡಿದವರಿಗೆ ಈ ಊರಿಗೂ ಸಮುದ್ರಕ್ಕೂ ಯಾವ ನಂಟೂ ಕಾಣದು. ಆದರೆ ಪಕ್ಕದ ತಿರುಪ್ಪೂರಿನ ಬನಿಯನ್ ಕಂಪನಿಗಳ ಮಾಲು ಕಂಟೇನರ್ ಹತ್ತಿ ತೂತ್ತುಕುಡಿಗೋ ಕೊಚ್ಚಿಗೋ ಹೋಗುತ್ತದೆ. ಅಲ್ಲಿಂದಾಚೆಗೆ ಅದರ ಹಣೆಬರಹ ಕಡಲ ಕಾನೂನಿನ ಕೈಯಲ್ಲಿ.

ಯುರೋಪಿನ ಗೋದಾಮಿನಲ್ಲಿ ಕಂಟೇನರ್ ತೆರೆದಾಗ ಪೆಟ್ಟಿಗೆಗಳೆಲ್ಲ ಒದ್ದೆ ಎನ್ನೋಣ. ಸರ್ವೇಯರ್ ಬಂದು ಕಲೆಯ ಮೇಲೆ ಸಿಲ್ವರ್ ನೈಟ್ರೇಟ್ ಹನಿಸುತ್ತಾನೆ. ಹನಿ ಹಾಲಿನಂತೆ ಬೆಳ್ಳಗಾದರೆ ಅದು ಉಪ್ಪುನೀರು, ಅನುಮಾನ ಹಡಗಿನತ್ತ. ಬಣ್ಣ ತಿರುಗದಿದ್ದರೆ ಮಳೆ, ಇಲ್ಲವೇ ಕಂಟೇನರ್‌ನ ಒಳಗೇ ಕಟ್ಟಿದ ತೇವ. ಇಂಥ ಹಾನಿ ಮೇಲ್ನೋಟಕ್ಕೆ ಕಾಣದಿದ್ದರೆ 3 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಇಲ್ಲವಾದರೆ ಮಾಲು ಸರಿಯಾಗಿಯೇ ತಲುಪಿತೆಂದು ಭಾವಿಸಲಾಗುತ್ತದೆ. ದಾವೆ ಹೂಡಲು ಸಾಮಾನ್ಯವಾಗಿ ಸಿಗುವುದು 1 ವರ್ಷ. ಬಹಳ ಮಂದಿ ವಕೀಲರ ಬಾಗಿಲು ತಟ್ಟುವ ಹೊತ್ತಿಗೆ ಅದರಲ್ಲಿ ಅರ್ಧ ಪತ್ರವ್ಯವಹಾರದಲ್ಲೇ ಕಳೆದಿರುತ್ತದೆ.

ಈ ವೃತ್ತಿಯ ದೊಡ್ಡ ಅಸ್ತ್ರ ಹಡಗನ್ನು ಅರೆಸ್ಟ್ ಮಾಡಿಸುವುದು. ಮಾಲೀಕ ಒಂದು ದೇಶದವನು, ಬಾವುಟ ಇನ್ನೊಂದು ದೇಶದ್ದು, ಕ್ಯಾಪ್ಟನ್ ಮತ್ತೊಂದು ಕಡೆಯವನು. ಹಾಗಾಗಿ ಕೋರ್ಟಿನಲ್ಲಿ ಹಡಗನ್ನೇ ಪ್ರತಿವಾದಿಯಾಗಿ ನಿಲ್ಲಿಸುತ್ತಾರೆ. ಭಾರತದಲ್ಲಿ ಇದಕ್ಕೆ ಗಟ್ಟಿ ನೆಲೆ ಕೊಟ್ಟದ್ದು ‘ಎಂ.ವಿ. ಎಲಿಜಬೆತ್’ ಪ್ರಕರಣ. 1984ರ ಫೆಬ್ರವರಿಯಲ್ಲಿ ಈ ಹಡಗು ಮಾಲು ಕಳಿಸಿದವರಿಗೆ ಬಿಲ್ ಆಫ್ ಲೇಡಿಂಗ್ (ಸರಕು ಹೇರಿದ್ದಕ್ಕೆ ಕೊಡುವ ದಾಖಲೆ) ಕೂಡ ಕೊಡದೆ ಗೋವಾದ ಮರ್ಮಗೋವಾದಿಂದ ಹೊರಟುಹೋಯಿತು. ಖರೀದಿದಾರ ಹಣ ಕೊಟ್ಟಿಲ್ಲ, ಮಾಲು ಇಳಿಸಬೇಡಿ ಎಂದು ತಿಳಿಸಿದರೂ ಕೇಳಲಿಲ್ಲ. ಏಪ್ರಿಲ್‌ನಲ್ಲಿ ಅದೇ ಹಡಗು ವಿಶಾಖಪಟ್ಟಣಕ್ಕೆ ಬಂದಾಗ ಆಂಧ್ರ ಹೈಕೋರ್ಟಿನ ಆದೇಶದಂತೆ ಕಟ್ಟಿಹಾಕಲಾಯಿತು. ‘ನಿಮಗೆ ಆ ಅಧಿಕಾರವೇ ಇಲ್ಲ’ ಎಂಬುದು ಹಡಗಿನ ಪರ ವಾದ. ಬ್ರಿಟಿಷರ 1861ರ ಕಾಯ್ದೆಯನ್ನು ತೋರಿಸಿ ಮಾಡಿದ ಆ ವಾದವನ್ನು 1992ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ಟಿ.ಕೆ. ತೊಮ್ಮನ್. ಹಳೆಯ ಬ್ರಿಟಿಷ್ ಕಾಯ್ದೆಗಳು ಕಡತದಿಂದ ಹೋಗಲು ಮಾತ್ರ ಇನ್ನೂ ಕಾಲು ಶತಮಾನ ಬೇಕಾಯಿತು, ನಮ್ಮ ಸಂಸತ್ತಿಗೆ ಅವಸರವಿರಲಿಲ್ಲ! 2017ರ ಅಡ್ಮಿರಾಲ್ಟಿ (ಕಡಲ ವ್ಯಾಜ್ಯಗಳ) ಕಾಯ್ದೆ 2018ರ ಏಪ್ರಿಲ್ 1ರಂದು ಜಾರಿಯಾಯಿತು. ಮದ್ರಾಸ್, ಬಾಂಬೆ, ಕೇರಳದ ಜತೆಗೆ ಕರ್ನಾಟಕ ಹೈಕೋರ್ಟಿನ ಹೆಸರೂ ಅದರಲ್ಲಿದೆ.

2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ಉಕ್ಕಿನ ಸುರುಳಿ ಹೊತ್ತ ‘ಪ್ರಿನ್ಸೆಸ್ ಮಿರಾಲ್’ ಮುಳುಗಿತು. ಸಿರಿಯಾದ 15 ಸಿಬ್ಬಂದಿಯನ್ನು ಕರಾವಳಿ ಕಾವಲು ಪಡೆ ಕಾಪಾಡಿತು. ಆಮೇಲೆ ಉಳಿದದ್ದು ಕರಿಕೋಟಿನವರ ಪ್ರಶ್ನೆಗಳು: ತೈಲ ತೆಗೆಸುವ ಖರ್ಚು ಯಾರದು, ಅವಶೇಷ ಎತ್ತುವವರಾರು, ವಿಮೆ ಎಷ್ಟು ಭರಿಸುತ್ತದೆ?

2025ರ ಮೇ 25ರಂದು ಕೊಚ್ಚಿ ಸಮೀಪ 643 ಕಂಟೇನರ್‌ಗಳೊಂದಿಗೆ ಮುಳುಗಿದ ‘ಎಂಎಸ್‌ಸಿ ಎಲ್ಸಾ 3’ ಪ್ರಕರಣ ಇನ್ನೂ ಸ್ವಾರಸ್ಯದ್ದು. ಮುಳುಗಿದ ಹಡಗನ್ನು ಕಟ್ಟಿಹಾಕುವುದು ಹೇಗೆ? ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರ ಕೇಳಿ, ವಿಳಿಂಜಂ ಬಂದರಿನಲ್ಲಿದ್ದ, ಅದೇ ಸಮೂಹದ ‘ಅಕಿಟೆಟಾ 2’ ಎಂಬ ಸೋದರ ಹಡಗನ್ನು ಹೈಕೋರ್ಟಿನ ಮೂಲಕ ಅರೆಸ್ಟ್ ಮಾಡಿಸಿತು.

ಅನ್ನೂರಿನ ಹುಡುಗಿಯೊಬ್ಬಳು ಕೊಯಮತ್ತೂರಿನ ಸರ್ಕಾರಿ ಕಾನೂನು ಕಾಲೇಜಿನಲ್ಲಿ ಓದಿ ಈ ದಾರಿ ಹಿಡಿಯಬೇಕೆಂದರೆ, ಚೆನ್ನೈ ಅಥವಾ ಮುಂಬೈನ ಹಿರಿಯರ ಕಚೇರಿಯೇ ನಿಜವಾದ ಶಾಲೆ. ಮುಂದೆ ಓದಬೇಕೆನಿಸಿದರೆ ಮಾಲ್ಟಾದಲ್ಲಿ 1988ರಿಂದ ಅಂತಾರಾಷ್ಟ್ರೀಯ ಕಡಲ ಕಾನೂನು ಸಂಸ್ಥೆಯಿದೆ. ಹಡಗಿನ ಕೆಲಸ ಬಿಟ್ಟು ವಕೀಲರಾದವರೂ ಈ ಗುಂಪಿನಲ್ಲಿದ್ದಾರೆ. ಲಾಗ್‌ಬುಕ್ಕಿನ ಸುಳ್ಳು ಅವರ ಕಣ್ಣಿಗೆ ಬೇಗ ಬೀಳುತ್ತದೆ. ಸದ್ಯಕ್ಕೆ ಹಿರಿಯ, ಕಿರಿಯ ಇಬ್ಬರೂ ವಿದ್ಯಾರ್ಥಿಗಳೇ: 1856ರ ಬಿಲ್ ಆಫ್ ಲೇಡಿಂಗ್ ಕಾಯ್ದೆ, 1925ರ ಸರಕು ಸಾಗಣೆ ಕಾಯ್ದೆಗಳ ಜಾಗಕ್ಕೆ 2025ರಲ್ಲಿ ಸಂಸತ್ತು ಹೊಸ ಕಾಯ್ದೆಗಳನ್ನು ತಂದಿದೆ.

ಎಲ್ಲ ಕಕ್ಷಿದಾರರೂ ಕೋಟಿ ಕುಳಗಳಲ್ಲ. ಮಾಲೀಕ ಕೈಬಿಟ್ಟ ಹಡಗಿನಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ಕೂತ ನಾವಿಕರೂ ಇದೇ ವಕೀಲರ ಬಳಿ ಬರುತ್ತಾರೆ. ಅವರ ಮಟ್ಟಿಗೆ 2017ರ ಕಾಯ್ದೆ ಉದಾರಿ: ಮಾರಿಟೈಮ್ ಲೀನ್‌ಗಳ (ಹಡಗಿನ ಮೇಲೆಯೇ ಇರುವ ಬಾಕಿ ಹಕ್ಕುಗಳ) ಸಾಲಿನಲ್ಲಿ ಸಿಬ್ಬಂದಿಯ ಬಾಕಿ ಸಂಬಳಕ್ಕೆ ಮೊದಲ ಸ್ಥಾನ, ಬಂದರಿನ ಶುಲ್ಕ ಬರುವುದು ಅದಕ್ಕಿಂತ ಬಹಳ ಕೆಳಗೆ.